ಸೊಂಟಕ್ಕೆ ಕಟ್ಟಿದ ನವಿಲು

ಹೋದ ವರ್ಷ ಅಕ್ಟೋಬರ್ 31ಕ್ಕೆ ನಮ್ಮ ಹಾಸ್ಟೆಲ್ ಹಿಂದಿನ ಖಾಲಿ ಜಾಗದಲ್ಲಿ ಒಂದು ದೆವ್ವದ ಅಂಗಳ ಮಾಡಿದ್ವಿ. ಹ್ಯಾಲೋವೀನ್ ಅಂದ್ರೆ ಏನು ಅಂತ ನಿಮಗೆಲ್ಲ ಗೊತ್ತೇ ಇದೆ. ಅಮೆರಿಕದಲ್ಲಿ ಜನ ಮನೆ ಮುಂದಿನ ಅಂಗಳದಲ್ಲೇ ಪಿವಿಸಿ ಪೈಪು, ಹಳೇ ಬಟ್ಟೆ, ಕಾರಿನ ವೈಪರ್ ಮೋಟಾರ್ ಎಲ್ಲ ಸೇರಿಸಿ ಏಳುವ ಹೆಣ, ಅಲುಗಾಡುವ ಕೈ ಇಂಥವನ್ನು ಕಟ್ತಾರೆ. ನಾವೂ ಕಟ್ಟಿದ್ವಿ. ಥರ್ಮಾಕೋಲಿನ ಗೋರಿಕಲ್ಲು, ಬಿಳಿ ಬೆಡ್‌ಶೀಟ್ ಹೊದ್ದ ಆರು ಗೊಂಬೆ, ಆರ್ಡುಯಿನೋ ಹಾಕಿ ತಲೆ ತಿರುಗಿಸುವ ಒಂದು ಬುರುಡೆ. ಬುರುಡೆಯ ಕೆಲಸ ನನ್ನದು. ಮೂರು ರಾತ್ರಿ ನಿದ್ದೆ ಕೆಟ್ಟು ಕೋಡ್ ಬರೆದಿದ್ದೆ. ಅದನ್ನು ನೋಡಿ ಹೆದರಿದವರ ಸಂಖ್ಯೆ ಸೊನ್ನೆ. ಒಬ್ಬ ಸೀನಿಯರ್ ಅಂತೂ ಹತ್ತಿರ ಬಂದು ಯಾವ ಸರ್ವೋ ಹಾಕಿದ್ದೀ ಅಂತ ಕೇಳಿ ಹೋದರು.

ಎಲ್ಲರೂ ಹೆದರಿದ್ದು ಏಳನೇ ಗೊಂಬೆಗೆ. ಅದು ಗೊಂಬೆ ಆಗಿರಲಿಲ್ಲ. ರಾಮದುರ್ಗ ತಾಲೂಕಿನ ಒಂದು ಹಳ್ಳಿಯಿಂದ ಬಂದ ನಮ್ಮ ಜೂನಿಯರ್, ಅದೇ ಥರ ಬೆಡ್‌ಶೀಟ್ ಹೊದ್ದು ಅಲ್ಲಾಡದೆ ನಿಂತಿದ್ದ. ಜನ ಮುಂದೆ ದಾಟಿದ ಮೇಲೆ ಹಿಂದಿನಿಂದ ಹೊಟ್ಟೆಯಾಳದಿಂದ ಒಂದು ಆರ್ಭಟ ಹೊಡೀತಿದ್ದ ನೋಡ್ರಿ, ಮೆಸ್ಸಿನವರೆಗೂ ಕೇಳಿಸ್ತಿತ್ತು. ಎಲ್ಲಿ ಕಲಿತಿ ಅಂತ ಕೇಳಿದ್ರೆ, ಊರ ಬಯಲಾಟದಲ್ಲಿ ರಾಕ್ಷಸ ಬರೋದೇ ಹಂಗ ಅಂದ. ಅವರ ಅಜ್ಜ ರಾಕ್ಷಸನ ಪಾತ್ರ ಮಾಡ್ತಿದ್ರಂತೆ. ರಾಕ್ಷಸ ಬರುವಾಗ ಪಂಜಿನ ಮೇಲೆ ರಾಳದ ಪುಡಿ ಎರಚ್ತಾರೆ, ಭಗ್ ಅಂತ ಬೆಂಕಿ ಏಳ್ತದೆ, ಆ ಬೆಳಕಿನಲ್ಲಿ ಮುಖ ಕಾಣ್ತದೆ, ಅದರ ಜತೆಗೇ ಕೂಗು. ಅಷ್ಟೇ.

ನಾನು ಬೈಲಹೊಂಗಲದವನು. ಇಂಗ್ಲಿಷ್ ಮೀಡಿಯಂ. ಶಾಲೆಯ ಫ್ಯಾನ್ಸಿ ಡ್ರೆಸ್‌ನಲ್ಲಿ ರಟ್ಟಿನ ಬಂದೂಕು ಹಿಡಿದು ಅಮಟೂರು ಬಾಳಪ್ಪ ಆಗಿದ್ದು ಬಿಟ್ಟರೆ ನಮ್ಮ ಕಡೆಯ ಆಟಗಳ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ರಾಳ ಅನ್ನೋ ಪದವನ್ನೇ ಅವತ್ತು ಮೊದಲ ಸಲ ಕೇಳಿದ್ದು. ಅದರ ಜಾಡು ಹಿಡಿದು ಓದ್ತಾ ಹೋದಾಗ ಸಿಕ್ಕವರು ವಿಷ್ಣುದಾಸ ಭಾವೆ. ಮರಾಠಿ ರಂಗಭೂಮಿಯ ಜನಕ ಅಂತ ಕರೆಸಿಕೊಳ್ಳುವವರು, ತೀರಿಕೊಂಡು ನೂರಿಪ್ಪತ್ತು ವರ್ಷದ ಮೇಲಾಯ್ತು. ರಾಮದುರ್ಗ ಸಂಸ್ಥಾನ ಆಳಿದ ಮನೆತನದ ಅಡ್ಡಹೆಸರೂ ಭಾವೆ ಅಂತಲೇ ಇದ್ದದ್ದರಿಂದ ಮೊದಲು ಕಣ್ಣು ಅಲ್ಲಿ ನಿಂತಿತು. ಆಮೇಲೆ ಓದಿದಷ್ಟೂ ಈ ಮನುಷ್ಯ ನಮ್ಮ ಕಥೆಯೊಳಗಿನವರೇ ಅನ್ನಿಸತೊಡಗಿತು.

ಆಗಿನ ನಕಾಶೆ ಸ್ವಲ್ಪ ತಲೆ ತಿರುಗಿಸುತ್ತದೆ. 1824ರ ಯುದ್ಧದ ನಂತರ ಕಿತ್ತೂರು ಬ್ರಿಟಿಷರ ಪಾಲಾಯಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಇಂದಿನ ಸವದತ್ತಿ ತಾಲೂಕಿಗೆ ಪರಸಗಡ ಅಂತ ಹೆಸರು, ಅದೂ ಬ್ರಿಟಿಷರದು. ರಾಮದುರ್ಗ ಬೇರೆ ಸಂಸ್ಥಾನ. ಬೈಲಹೊಂಗಲಕ್ಕೆ ಹತ್ತಿರದ ದೊಡವಾಡ ಮಾತ್ರ ದೂರದ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದು! ಬೆಳಗಾವಿಗೆ ಅಂಟಿಕೊಂಡಿರುವ ಶಹಾಪುರ ಕೂಡ ಸಾಂಗ್ಲಿಯದೇ. ಅಂದರೆ ಒಂದು ಚಕ್ಕಡಿ ಒಂದು ದಿನದಲ್ಲಿ ಮೂರು ರಾಜ್ಯ ದಾಟಿ ಹೋಗಬಹುದಿತ್ತು. ಗಡಿ ರಾಜರಿಗಿತ್ತು, ಆಟದವರಿಗೆ ಇರಲಿಲ್ಲ. ಕನ್ನಡದ ಮೇಳಗಳು ಮರಾಠಿ ಊರುಗಳಿಗೆ ಹೋಗುತ್ತಿದ್ದವು, ಜನ ನೋಡುತ್ತಿದ್ದರು.

ವಿಷ್ಣುದಾಸರ ತಂದೆ ಅಮೃತರಾವ್ ಸಾಂಗ್ಲಿಯ ಅರಸರ ಸೇವೆಯಲ್ಲಿದ್ದವರು. ಹುಡುಗನ ಕೈ ಚಿಕ್ಕಂದಿನಿಂದ ಸುಮ್ಮನೆ ಇರುತ್ತಿರಲಿಲ್ಲ. ಮಣ್ಣಿನಲ್ಲಿ ಮೂರ್ತಿ ಮಾಡೋದು, ಬೊಂಬೆ ಮಾಡೋದು, ಕಥೆ ಹೇಳೋದು, ಪದ ಕಟ್ಟೋದು. ಇವತ್ತಾಗಿದ್ರೆ ಮನೆಯವರು ಕೋಚಿಂಗ್‌ಗೆ ಹಾಕ್ತಿದ್ರು. ಅರಸ ಚಿಂತಾಮಣರಾವ್ ಪಟವರ್ಧನರಿಗೆ ಈ ಹುಡುಗನ ಕೈಚಳಕ ಕಣ್ಣಿಗೆ ಬಿದ್ದಿತ್ತು. ಅರಸರೂ ಕಲೆಯ ಹುಚ್ಚಿನವರೇ.

1842ರ ಸುಮಾರಿಗೆ ಕರ್ನಾಟಕದಿಂದ ಒಂದು ಭಾಗವತ ಮೇಳ ಸಾಂಗ್ಲಿಗೆ ಬಂತು. ಅರಮನೆಯಲ್ಲಿ ಆಟ ಆಯಿತು. ಉತ್ತರ ಕನ್ನಡದ ಹೊನ್ನಾವರದ ಹತ್ತಿರದ ಕರ್ಕಿಯ ಯಕ್ಷಗಾನ ಮೇಳ ಅದು ಅಂತ ನಮ್ಮ ಕಡೆ ಹೇಳುತ್ತಾರೆ. ಅರಸರಿಗೆ ಆಟ ಹಿಡಿಸಿತು, ಆದರೆ ವೇಷ, ಕುಣಿತ ಒರಟು ಅನ್ನಿಸಿತು. ಇಂಥದ್ದೇ ಒಂದನ್ನು ಮರಾಠಿಯಲ್ಲಿ, ಇನ್ನಷ್ಟು ತಿದ್ದಿ ಮಾಡಬೇಕು ಅಂತ ಭಾವೆಯವರಿಗೆ ಅಪ್ಪಣೆ ಕೊಟ್ಟರು. ಭಾವೆಯವರೇ ಮುಂದೆ ಇದನ್ನೆಲ್ಲ ಮುಚ್ಚಿಡದೆ ಹೇಳಿಕೊಂಡಿದ್ದಾರೆ, ಆದ್ದರಿಂದ ಇದರಲ್ಲಿ ಜಗಳವಿಲ್ಲ. ನನ್ನನ್ನು ಕಾಡಿದ್ದು ಬೇರೆ. ಅರಸರ ಹೆಸರು ಉಳಿಯಿತು, ಭಾವೆಯವರ ಹೆಸರು ಉಳಿಯಿತು, ಆ ರಾತ್ರಿ ಸಾಂಗ್ಲಿಯಲ್ಲಿ ಕುಣಿದ ರಾಕ್ಷಸನ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ. ಕರ್ನಾಟಕದವರು ಅಂತ ಮಾತ್ರ ಬರೆದಿರುತ್ತದೆ.

1843ರ ನವೆಂಬರ್ 5ರಂದು ಸಾಂಗ್ಲಿಯ ಅರಮನೆಯಲ್ಲಿ ಸೀತಾ ಸ್ವಯಂವರ ನಡೆಯಿತು. ಮಹಾರಾಷ್ಟ್ರದಲ್ಲಿ ಈಗಲೂ ಆ ದಿನವನ್ನೇ ಮರಾಠಿ ರಂಗಭೂಮಿ ದಿನ ಅಂತ ಆಚರಿಸುತ್ತಾರೆ. ಆಗ ಭಾವೆಯವರಿಗೆ ಇಪ್ಪತ್ತರ ಹರೆಯ. ನಮಗಿಂತ ನಾಲ್ಕೈದು ವರ್ಷ ದೊಡ್ಡವರು ಅಷ್ಟೇ.

ಆ ನಾಟಕ ಹೇಗಿತ್ತು ಅಂತ ಬಿಡಿಸಿ ನೋಡಿದರೆ ನನ್ನಂಥವನಿಗೆ ಮಜಾ ಬರುವುದು ಇಲ್ಲೇ. ಬರೆದ ಸಂಭಾಷಣೆ ಇಲ್ಲ. ಸೂತ್ರಧಾರ ಮುಂದೆ ನಿಂತು ಪದ ಹಾಡುತ್ತಾನೆ, ಕಥೆ ಸಾಗಿಸುತ್ತಾನೆ. ನಮ್ಮ ಭಾಗವತರ ಕೆಲಸವೇ. ಪಾತ್ರಧಾರಿಗಳು ಪದಕ್ಕೆ ತಕ್ಕ ಹಾಗೆ ಅಭಿನಯಿಸಿ, ಆ ಕ್ಷಣಕ್ಕೆ ಹೊಳೆದ ಮಾತಾಡುತ್ತಾರೆ. ಮೊದಲು ವಿದೂಷಕ ಬರುತ್ತಾನೆ, ಆಮೇಲೆ ಗಣಪತಿ ಸೊಂಡಿಲು ಹೊತ್ತು ಬರುತ್ತಾನೆ. ಅದಾದ ಮೇಲೆ ಸರಸ್ವತಿ, ನವಿಲಿನ ಮೇಲೆ ಕೂತು ಕುಣಿಯುತ್ತಾ. ಈ ನವಿಲು ನಟನ ಸೊಂಟಕ್ಕೆ ಕಟ್ಟಿದ್ದು. ಕಾಲು ನಟನದು, ಕತ್ತು ಮತ್ತು ಗರಿ ನವಿಲಿನದು. ನೋಡುವವರಿಗೆ ದೇವಿ ಸವಾರಿ ಮಾಡಿದ ಹಾಗೆ ಕಾಣುತ್ತದೆ.

ಇದು ಎಲ್ಲೋ ನೋಡಿದಂಗಿದೆ ಅನ್ನಿಸ್ತಾ? ನಮ್ಮ ಜಾತ್ರೆಯ ಕೀಲುಕುದುರೆ! ಹಗುರಾದ ಚೌಕಟ್ಟು, ಮೇಲೆ ಬಟ್ಟೆ, ನಡುವೆ ಮನುಷ್ಯ ನಿಲ್ಲಲು ತೂತು, ಭಾರವೆಲ್ಲ ಸೊಂಟ, ಹೆಗಲಿನ ಮೇಲೆ. ಚೌಕಟ್ಟಿನ ಭಾರ ಮುಂದಕ್ಕೆ ಹೆಚ್ಚಾದರೆ ಕುದುರೆ ಮೂತಿ ನೆಲಕ್ಕೆ ಬಾಗುತ್ತದೆ, ಹಿಂದಕ್ಕೆ ಹೆಚ್ಚಾದರೆ ಕುಣಿಯುವವನ ಬೆನ್ನು ಹೋಗುತ್ತದೆ. ಅದನ್ನು ಕಟ್ಟುವವರು ಸೆಂಟರ್ ಆಫ್ ಗ್ರಾವಿಟಿ ಅನ್ನೋ ಮಾತು ಕೇಳದೆಯೇ ಅದನ್ನು ಸರಿಯಾಗಿ ಸೊಂಟದ ನೇರಕ್ಕೆ ತಂದು ನಿಲ್ಲಿಸ್ತಾರೆ. ನಾನು ಮೊದಲ ಸೆಮಿಸ್ಟರ್‌ನಲ್ಲಿ ಅದೇ ವಿಷಯದಲ್ಲಿ ಜಸ್ಟ್ ಪಾಸು.

ಇನ್ನು ರಾಕ್ಷಸ. ಭಾವೆ ಮಾದರಿಯ ನಾಟಕಗಳಲ್ಲಿ ಜನ ಕಾಯುತ್ತಿದ್ದುದೇ ಅವನಿಗಾಗಿ. ಮುಖಕ್ಕೆ ಬಣ್ಣ, ಕೈಯಲ್ಲಿ ಕತ್ತಿ, ಒಳಗಿನಿಂದಲೇ ಶುರುವಾಗುವ ಅಬ್ಬರ, ಪಂಜಿನ ಮೇಲೆ ಹಾರುವ ರಾಳ. ರಾಳ ಅಂದರೆ ಮರದ ಅಂಟು ಒಣಗಿದ ಗಟ್ಟಿ. ಅದರ ಒಂದು ಉಂಡೆಯನ್ನು ಬೆಂಕಿಗೆ ಹಿಡಿದರೆ ಕರಗಿ ಹೊಗೆಯಾಡುತ್ತಾ ನಿಧಾನಕ್ಕೆ ಉರಿಯುತ್ತದೆ. ಅದನ್ನೇ ನುಣ್ಣಗೆ ಕುಟ್ಟಿ ಗಾಳಿಗೆ ತೂರಿದರೆ ಪ್ರತಿ ಕಣದ ಸುತ್ತಲೂ ಆಮ್ಲಜನಕ, ಎಲ್ಲ ಕಣ ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಒಂದು ಕ್ಷಣ ದೊಡ್ಡ ಜ್ವಾಲೆ, ಮರುಕ್ಷಣ ಕತ್ತಲೆ. ಹಿಟ್ಟಿನ ಗಿರಣಿ, ಸಕ್ಕರೆ ಕಾರ್ಖಾನೆಗಳಲ್ಲಿ ಧೂಳಿಗೆ ಬೆಂಕಿ ತಗಲಿ ಸ್ಫೋಟ ಆಗುವುದೂ ಇದೇ ಕಾರಣಕ್ಕೆ. ಯುರೋಪಿನ ರಂಗಭೂಮಿಯಲ್ಲಿ ಲೈಕೋಪೋಡಿಯಂ ಅನ್ನೋ ಸಸ್ಯದ ಪುಡಿಯಿಂದ ಇದೇ ಚಮತ್ಕಾರ ಮಾಡುತ್ತಿದ್ದರು. (ದಯವಿಟ್ಟು ರೂಮಿನಲ್ಲಿ ಟ್ರೈ ಮಾಡಬೇಡಿ. ವಾರ್ಡನ್ ಈ ಪತ್ರಿಕೆ ಓದ್ತಾರೆ.)

ನನ್ನ ಬುರುಡೆ ಯಾಕೆ ಸೋತಿತು ಅನ್ನೋದು ಇಲ್ಲಿ ನನಗೆ ತಿಳೀತು. ಅದು ಇಡೀ ಸಂಜೆ ಟ್ಯೂಬ್‌ಲೈಟಿನ ಹತ್ತಿರ ಒಂದೇ ಸಮನೆ ತಲೆ ತಿರುಗಿಸ್ತಾ ಕೂತಿತ್ತು. ಎಲ್ಲರೂ ಪೂರ್ತಿ ನೋಡಿಬಿಟ್ಟರು. ರಾಳದ ಬೆಳಕು ರಾಕ್ಷಸನನ್ನು ಒಂದು ಕ್ಷಣ ತೋರಿಸಿ ಕಿತ್ತುಕೊಂಡುಬಿಡುತ್ತದೆ, ಉಳಿದದ್ದನ್ನು ನೋಡುವವನೇ ತುಂಬಿಕೊಳ್ಳಬೇಕು.

ಸಾಂಗ್ಲಿಯಲ್ಲಿ ಎಂಟು ವರ್ಷ ಚೆನ್ನಾಗಿಯೇ ನಡೆಯಿತು. ರಾಮಾಯಣ, ಮಹಾಭಾರತದ ಒಂದೊಂದೇ ಆಖ್ಯಾನಕ್ಕೆ ಭಾವೆಯವರು ಪದ ಕಟ್ಟಿದರು, ವೇಷ ಹೊಂದಿಸಿದರು, ಜನರಿಗೆ ಕಲಿಸಿದರು. ಖರ್ಚು ಅರಮನೆಯದು. 1851ರಲ್ಲಿ ಚಿಂತಾಮಣರಾವ್ ತೀರಿಕೊಂಡರು. ಹೊಸ ಆಡಳಿತಕ್ಕೆ ನಾಟಕ ಬೇಡವಾಗಿತ್ತು. ಕಟ್ಟಿದ ತಂಡ, ಹೊಲಿಸಿದ ಬಟ್ಟೆ, ಕಿರೀಟ, ಸೊಂಡಿಲು, ನವಿಲು ಎಲ್ಲ ಇದೆ, ಆದರೆ ಹಣ ಕೊಡುವವರಿಲ್ಲ. ಬಜೆಟ್ ಕೇಳಿ ಕಾಲು ಭಾಗ ಪಡೆದ ಯಾವ ಕ್ಲಬ್‌ನವರಿಗಾದರೂ ಆ ಹೊಟ್ಟೆಯುರಿ ಗೊತ್ತಾಗುತ್ತದೆ, ಆದರೆ ನಮಗೆ ಊಟ ಮೆಸ್ಸಿನಲ್ಲಿ ಸಿಗುತ್ತದೆ. ಅವರ ಹಿಂದೆ ಸಂಸಾರಗಳಿದ್ದವು.

ಇಲ್ಲಿ ಭಾವೆಯವರು ಮಾಡಿದ್ದು ನನಗೆ ಅವರ ಬದುಕಿನ ದೊಡ್ಡ ಕೆಲಸ ಅನ್ನಿಸುತ್ತದೆ, ಸೀತಾ ಸ್ವಯಂವರಕ್ಕಿಂತಲೂ. ಸಾಮಾನು ಕಟ್ಟಿಕೊಂಡು ತಂಡದ ಜತೆ ಊರೂರು ಹೊರಟರು. ರೈಲಿನ್ನೂ ಬಂದಿರಲಿಲ್ಲ. ದೇಶದ ಮೊದಲ ಪ್ರಯಾಣಿಕರ ರೈಲು ಮುಂಬೈಯಿಂದ ಠಾಣೆಗೆ ಓಡಿದ್ದೇ 1853ರ ಏಪ್ರಿಲ್‌ನಲ್ಲಿ. ಗಾಡಿಯಲ್ಲಿ ಹೇರಿಕೊಂಡು ಹೋಗಬೇಕು ಅಂದ ಮೇಲೆ ಭಾರದ ವಸ್ತು ನಡೆಯೋದಿಲ್ಲ, ಸೂಕ್ಷ್ಮದ್ದು ಒಡೆದುಹೋಗುತ್ತದೆ, ಹೋದ ಊರಲ್ಲಿ ಸಿಗದ ಸಾಮಾನು ನಂಬುವಂತಿಲ್ಲ. ಪಂಜು, ಎಣ್ಣೆ, ರಾಳ, ಬಣ್ಣ, ಬಟ್ಟೆ ಎಲ್ಲ ಊರಲ್ಲೂ ಸಿಗುತ್ತವೆ. ಅರಮನೆಯ ಆಟ ಸಂತೆಯ ಊರಲ್ಲೂ ನಡೆದದ್ದು ಇದರಿಂದಲೇ ಅಂತ ನನ್ನ ಅಂದಾಜು.

ಪುಣೆ ದಾಟಿ 1853ರಲ್ಲಿ ಮುಂಬೈ. ಮೊದಲು ಊರೊಳಗಿನ ಗಿರಗಾಂವದಲ್ಲಿ ಆಟ, ಆಮೇಲೆ ಗ್ರಾಂಟ್ ರೋಡ್ ಥಿಯೇಟರ್. ಅದು 1846ರಲ್ಲಿ ತೆರೆದ, ಇಂಗ್ಲಿಷ್ ನಾಟಕಗಳಿಗಾಗಿಯೇ ಕಟ್ಟಿದ ರಂಗಮಂದಿರ. ಇಂಗ್ಲಿಷ್ ಪತ್ರಿಕೆಯಲ್ಲಿ ಹಿಂದೂ ಡ್ರಾಮಾಟಿಕ್ ಕೋರ್ ಅನ್ನೋ ಹೆಸರಿನಲ್ಲಿ ಜಾಹೀರಾತು ಬಂತು. ಟಿಕೆಟ್ ಇಟ್ಟರು. ಅರಸನ ಮುಂದೆ ಆಡುತ್ತಿದ್ದವರು ಟಿಕೆಟ್ ಕೊಂಡ ಅಪರಿಚಿತರ ಮುಂದೆ ಆಡಿದರು. ಹಿಂದೂಸ್ತಾನಿಯಲ್ಲಿ ರಾಜಾ ಗೋಪೀಚಂದ ಆಡಿ ಮರಾಠಿ ಬಾರದವರನ್ನೂ ಸೆಳೆದರು. ಅದೇ ವರ್ಷ ಮುಂಬೈಯ ಪಾರ್ಸಿಗಳು ತಮ್ಮದೇ ನಾಟಕ ಮಂಡಳಿ ಶುರು ಮಾಡಿದರು. ಮುಂದೆ ಇಡೀ ದೇಶ ಸುತ್ತಿದ ಪಾರ್ಸಿ ನಾಟಕ ಅಲ್ಲಿಂದ ಬೆಳೆಯಿತು.

1860ರ ದಶಕದ ಆರಂಭದಲ್ಲೇ ಭಾವೆಯವರು ತಂಡದಿಂದ ಹಿಂದೆ ಸರಿದರು. ಆಗ ಅವರಿಗೆ ವಯಸ್ಸೇನೂ ಆಗಿರಲಿಲ್ಲ. ಅಷ್ಟರಲ್ಲಿ ಅವರ ದಾರಿ ಹಿಡಿದು ಸಾಂಗ್ಲಿಕರ, ಇಚಲಕರಂಜಿಕರ, ಕೊಲ್ಹಾಪುರಕರ ಅಂತ ಊರ ಹೆಸರಿನ ಮಂಡಳಿಗಳು ಎದ್ದಿದ್ದವು. ಅವು ನಮ್ಮ ಕಡೆಗೂ ಬಂದವು. ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಗದಗ. ಕನ್ನಡದ ಜನ ಮರಾಠಿ ನಾಟಕಕ್ಕೆ ಮುಗಿಬೀಳುವುದನ್ನು ನೋಡಿ ಸಂಕಟಪಟ್ಟ ಒಬ್ಬ ಶಾಲಾ ಮಾಸ್ತರರು 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಅವರೇ ಶಾಂತಕವಿ, ಸಕ್ಕರಿ ಬಾಳಾಚಾರ್ಯರು. ಕನ್ನಡದ ಮೇಳ ನೋಡಿ ಮರಾಠಿ ನಾಟಕ, ಮರಾಠಿ ನಾಟಕ ನೋಡಿ ಕನ್ನಡ ನಾಟಕ. ಯಾರು ಯಾರಿಂದ ಕದ್ದರು ಅಂತ ಕಾಮೆಂಟಿನಲ್ಲಿ ಜಗಳಾಡುವವರು ಇದನ್ನೊಮ್ಮೆ ನೋಡಬೇಕು.

ಭಾವೆಯವರ ಮಾದರಿಯನ್ನು ಹಿಂದಕ್ಕೆ ಹಾಕಿದವರು ನಮ್ಮ ಸವದತ್ತಿ ಕಡೆಯವರೇ. ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು 1843ರ ಮಾರ್ಚ್ 31ರಂದು, ಪರಸಗಡ ತಾಲೂಕಿನ ಗುರ್ಲಹೊಸೂರಿನಲ್ಲಿ. ಸೀತಾ ಸ್ವಯಂವರ ನಡೆದ ಅದೇ ವರ್ಷ! (ಪಂಪ್‌ಸೆಟ್ ಕಿರ್ಲೋಸ್ಕರ ಮನೆತನದ ಬೇರೂ ಅದೇ ಊರಿನದು. ಲಕ್ಷ್ಮಣರಾವ್ ಕಿರ್ಲೋಸ್ಕರ ಹುಟ್ಟಿದ್ದೂ ಗುರ್ಲಹೊಸೂರಿನಲ್ಲೇ. ನಮ್ಮ ಮೆಕ್ಯಾನಿಕಲ್‌ನವರು ಒಂದು ಟ್ರಿಪ್ ಹಾಕಬಹುದು.) ಅಣ್ಣಾಸಾಹೇಬರು ಬೆಳಗಾವಿಯಲ್ಲಿ ಮಾಸ್ತರಿಕೆ ಮಾಡಿದರು, ಸರ್ಕಾರಿ ನೌಕರಿ ಮಾಡಿದರು, ಜತೆಗೆ ನಾಟಕದ ಹುಚ್ಚು ಹತ್ತಿಸಿಕೊಂಡರು. 1880ರಲ್ಲಿ ಪುಣೆಯಲ್ಲಿ ಅವರ ಶಾಕುಂತಲ ರಂಗಕ್ಕೆ ಬಂತು. ತಾರೀಖು ಅಕ್ಟೋಬರ್ 31. ಹೌದು, ನಮ್ಮ ದೆವ್ವದ ಅಂಗಳದ ತಾರೀಖೇ.

ಅದರಲ್ಲಿ ಪಾತ್ರಗಳೇ ಹಾಡಿದವು, ಮಾತು ಮೊದಲೇ ಬರೆದದ್ದು, ಸೂತ್ರಧಾರ ಆರಂಭದಲ್ಲಿ ಬಂದು ಹೋಗಿಬಿಡುತ್ತಾನೆ. ಜನ ಸಂಗೀತಕ್ಕೆ ಮರುಳಾದರು. ರಾಳ ಎರಚಿ ಅಬ್ಬರಿಸುವ ರಾಕ್ಷಸ ಓದಿದವರ ಬಾಯಲ್ಲಿ ನಗೆಪಾಟಲಾದ. ಅವನ ಆರ್ಭಟದ ಸದ್ದನ್ನೇ ಅಡ್ಡಹೆಸರು ಮಾಡಿ ಹಳೇ ನಾಟಕಗಳನ್ನು ಅಲಲಡುರ್ರ್ ಅಂತ ಅಣಕಿಸಿದರು.

ಭಾವೆಯವರು ಇದೆಲ್ಲವನ್ನೂ ನೋಡಲು ಬದುಕಿದ್ದರು. 1885ರಲ್ಲಿ ತಮ್ಮ ಪದಗಳನ್ನೆಲ್ಲ ನಾಟ್ಯಕವಿತಾ ಸಂಗ್ರಹ ಅಂತ ಪುಸ್ತಕ ಮಾಡಿದರು. ಅದರಲ್ಲಿ ಹಾಡಿದೆ, ರಾಕ್ಷಸ ಇಲ್ಲ. ಕಾಗದದ ಮೇಲೆ ಕೂಗು ಹೇಗೆ ಬರೀತೀರಿ? ಎಷ್ಟು ಚಿಟಿಕೆ ರಾಳ, ಪಂಜು ಎಷ್ಟು ದೂರ, ಪದದ ಯಾವ ಅಕ್ಷರಕ್ಕೆ ಎರಚಬೇಕು ಅನ್ನೋದು ಮಾಡಿದವರ ಕೈಯಲ್ಲಿರುತ್ತದೆ, ಅವರ ಜತೆ ಹೋಗುತ್ತದೆ. ನಾವು ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗ ಸರ್ಕ್ಯೂಟ್ ಹಾಕಿ, ಅದು ಕೊನೆಗೆ ಹೇಗೆ ಕೆಲಸ ಮಾಡಿತು ಅನ್ನೋದನ್ನು ಬಿಡ್ತೀವಲ್ಲ, ಹಾಗೆ.

ನಾಟಕದ ಜತೆಗೇ ಅವರಿಗೆ ಬೊಂಬೆಯಾಟದ ಹುಚ್ಚೂ ಇತ್ತು. ದಾರ ಎಳೆದರೆ ಆಡುವ ಮರದ ಬೊಂಬೆಗಳನ್ನು ಮಾಡಿದ್ದರು, ಸೀತಾ ಸ್ವಯಂವರದವೇ. ಅವು ಅವರಿಗಿಂತ ಹೆಚ್ಚು ಕಾಲ ಬಾಳಿದವು. ನಮ್ಮ ಕಾಲದಲ್ಲಿ ಬೊಂಬೆಯಾಟದ ರಾಮದಾಸ ಪಾಧ್ಯೆ ಅವರು ಅವನ್ನು ಮತ್ತೆ ರಂಗಕ್ಕೆ ತಂದರು. ಅರಸ ಹೋದರೂ, ಫ್ಯಾಷನ್ ಹೋದರೂ ಮರಕ್ಕೆ ಏನೂ ಆಗಲಿಲ್ಲ.

1901ರ ಆಗಸ್ಟ್ 9ರಂದು ವಿಷ್ಣುದಾಸ ಭಾವೆ ತೀರಿಕೊಂಡರು. ಆಗ ಅವರ ವಯಸ್ಸು ಎಂಬತ್ತರ ಮೇಲೆ. ರಂಗ ಬಿಟ್ಟು ನಾಲ್ಕು ದಶಕ ಆಗಿತ್ತು. ಸಾಂಗ್ಲಿಯಲ್ಲಿ ಈಗ ಅವರ ಹೆಸರಿನ ನಾಟ್ಯಮಂದಿರವಿದೆ, ಪ್ರತಿ ನವೆಂಬರ್ 5ಕ್ಕೆ ಅವರ ಹೆಸರಿನ ಪದಕ ಕೊಡುತ್ತಾರೆ. ಕರ್ಕಿಯಿಂದ ಬಂದವರ ಹೆಸರಿನಲ್ಲಿ ಸಾಂಗ್ಲಿಯಲ್ಲಿ ಒಂದು ಕಲ್ಲಾದರೂ ಇರಬೇಕಿತ್ತು ಅಂತ ನನಗೆ ಅನ್ನಿಸಿದ್ದನ್ನು ಇಲ್ಲಿ ಹೇಳಿಬಿಡ್ತೀನಿ.

ಈ ವರ್ಷ ನಾವು ಮತ್ತೆ ಅಂಗಳ ಮಾಡ್ತಿದ್ದೀವಿ. ರಾಳಕ್ಕೆ ವಾರ್ಡನ್ ಒಪ್ಪಲಿಲ್ಲ, ಒಪ್ಪಬಾರದು ಕೂಡ. ಅದರ ಬದಲು ಕೆಳಗೆ ಒಂದು ಹಳೇ ಕಂಪ್ಯೂಟರ್ ಫ್ಯಾನು, ಮೇಲೆ ತೆಳ್ಳನೆ ರೇಷ್ಮೆ ಬಟ್ಟೆಯ ತುಂಡು, ಕೇಸರಿ ಎಲ್‌ಇಡಿ. ನನ್ನ ಕೋಡ್ ಈಗ ಮಾಡೋದು ಒಂದೇ ಕೆಲಸ: ಅರ್ಧ ಸೆಕೆಂಡ್ ಬೆಳಕು, ಆಮೇಲೆ ಪೂರ್ತಿ ಕತ್ತಲೆ. ಕೂಗು ಜೂನಿಯರ್‌ನದು. ಸರಸ್ವತಿಯ ನವಿಲನ್ನೂ ಕಟ್ಟಿದ್ದೀವಿ, ಬಿದಿರಿನ ಸೀಳು, ಹಳೇ ಪೇಪರ್, ಮೈದಾ ಗೋಂದಿನಲ್ಲಿ. ಗೊಂಬೆ ಯಾರು ಕಟ್ಟಿದರು, ಬಣ್ಣ ಯಾರು ಬಳಿದರು ಅಂತ ಎಲ್ಲರ ಹೆಸರು ಅದರ ಹೊಟ್ಟೆಯೊಳಗೆ ಪೆನ್ನಲ್ಲಿ ಬರೆದಿದ್ದೀವಿ. ಸದ್ಯದ ತೊಂದರೆ ಒಂದೇ. ಸೊಂಟದ ತೂತನ್ನು ಆಗಸ್ಟ್‌ನಲ್ಲಿ ಜೂನಿಯರ್‌ನ ಅಳತೆಗೆ ಬಿಟ್ಟಿದ್ವಿ. ಆಮೇಲೆ ಮೆಸ್ಸಿನಲ್ಲಿ ಜೋಳದ ರೊಟ್ಟಿ ಶುರುವಾಯ್ತು, ಈಗ ಅವನು ಅದರೊಳಗೆ ಇಳಿಯೋದೇ ಇಲ್ಲ.